ಎರಡು ಇಂಚು ಕೆಳಗಿನ ಸಂಸಾರ

ನೋಡಿ, ಮತ್ತೆ ಕರೆದರು. ಪೆನ್ನಿನ ಮುಚ್ಚಳ ತೆಗೆದು ಒಂದು ಸಾಲೂ ಬರೆದಿರಲಿಲ್ಲ, ಅಂಗಳದಿಂದ ಕೂಗು: "ಏ, ಒಂದ್ನಿಮಿಷ ಬಾರೆ, ಟಾರ್ಚ್ ಹಿಡಿ." ನಮ್ಮ ಮನೆಯಲ್ಲಿ ಒಂದು ನಿಮಿಷ ಎಂದರೆ ಕುಕ್ಕರ್ ಆರು ಸಲ ಕೂಗಿ, ಬೇಸತ್ತು ಸುಮ್ಮನಾಗುವಷ್ಟು ಹೊತ್ತು. ಹೋಗಿ ಕಾರಿನ ಕೆಳಗೆ ಬೆಳಕು ಬಿಟ್ಟೆ. ಇವರು "ಆಹಾ" ಎಂದರು. ಏನು ಕಂಡಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಇನ್ನೊಂದು ನಿಮಿಷ. ಒಬ್ಬ ಗಂಡ, ಒಂದು ಕಾರು, ಒಂದು ಸ್ಪ್ಯಾನರ್ ಪೆಟ್ಟಿಗೆ ಒಟ್ಟಿಗಿರುವ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮುಂದಿನ ಕೂಗು ಬರುವುದರೊಳಗೆ ನಾಲ್ಕನ್ನಾದರೂ ಬರೆದಿಡುತ್ತೇನೆ.

ನಾವಿರುವುದು ತುಮಕೂರಿನಲ್ಲಿ. ಇವರು ಕುಣಿಗಲ್ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ದಿನಾ ಹೋಗಿಬರಲು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕೆಂಪು ಬಣ್ಣದ ಸ್ಪೋರ್ಟ್ಸ್ ಸೆಡಾನ್ ಇದೆ. ಚೆನ್ನಾಗಿಯೇ ಓಡುತ್ತಿತ್ತು. ಅದನ್ನೇ ಇವರಿಗೆ ಸಹಿಸಲು ಆಗಲಿಲ್ಲ. ಕ್ಲಚ್, ಗೇರ್‌ಬಾಕ್ಸಿನ ಒಳಗಿನದು, ಸಸ್ಪೆನ್ಶನ್, ಎಲ್ಲ ಬದಲಾಯಿಸಬೇಕು ಎಂದು ಹೊರಟರು. ಹೊರಟದ್ದು ಸರಿಯಾಗಿ ನಮ್ಮವ್ವ ಕೊಟ್ಟಿಗೆಯಲ್ಲಿ ಜಾರಿ ಬಿದ್ದ ವಾರ.

ಅವ್ವ ಇರುವುದು ಗುಬ್ಬಿ ಪಕ್ಕದ ಹಳ್ಳಿಯಲ್ಲಿ. ಮಂಡಿಚಿಪ್ಪು ಬಿರುಕು ಬಿಟ್ಟಿತ್ತು, ಆರು ವಾರ ಕಟ್ಟು ಹಾಕಿದರು. ಬಿಚ್ಚಿದ ಮೇಲೆ ವಾರಕ್ಕೆರಡು ಸಲ ತುಮಕೂರಿಗೆ ಬಂದು ಫಿಸಿಯೋಥೆರಪಿ ಮಾಡಿಸಬೇಕು, ತಿಂಗಳೊಳಗೆ ಮಂಡಿ ಮಡಚದಿದ್ದರೆ ಮತ್ತಿನ ಇಂಜೆಕ್ಷನ್ ಕೊಟ್ಟು ನಾವೇ ಬಲವಂತವಾಗಿ ಮಡಚಬೇಕಾಗುತ್ತದೆ ಎಂದರು ಡಾಕ್ಟರು. ನಮ್ಮನೆಯಲ್ಲೇ ಇದ್ದುಬಿಡು ಎಂದರೆ ಅವ್ವ ಹಸು ಬಿಟ್ಟು ಬರುವವಳಲ್ಲ. ಬಸ್ಸು ಹತ್ತಲು ಆಗದು, ಆಟೋದಲ್ಲಿ ಕಾಲು ಚಾಚಲು ಜಾಗವಿಲ್ಲ. ಉಳಿದದ್ದು ಈ ಕಾರು.

"ಅತ್ತೆ ಕಟ್ಟು ಬಿಚ್ಚೋಷ್ಟರಲ್ಲಿ ಗಾಡಿ ರೆಡಿ ಇರ್ತದೆ ಕಣೇ. ನೀನ್ ತಲೆ ಕೆಡಿಸ್ಕೋಬೇಡ," ಎಂದರು ಇವರು.

ನಾನು ಕೆಡಿಸಿಕೊಂಡೆ.

ಒತ್ತು, ಹಿಡ್ಕೋ, ಬಿಡು

ಮೊದಲು ಹೋದದ್ದು ಕ್ಲಚ್. "ಕ್ಲಚ್‌ಗೆ ಅಂತ ಗೇರ್‌ಬಾಕ್ಸ್ ಹೆಂಗೂ ಇಳಿಸ್ಬೇಕು. ಇಳಿಸಿದ್ಮೇಲೆ ಅದರೊಳಗಿನ ಡಿಫರೆನ್ಷಿಯಲ್ಲೂ ಹೊಸದು ಹಾಕಿಸ್ಬಿಡಾಣ," ಎಂದರು. ಹೆಂಗೂ ಒಲೆ ಹಚ್ಚಿದೀವಿ, ಒಂದು ಮದುವೆ ಅಡುಗೆಯನ್ನೂ ಮಾಡಿಬಿಡೋಣ ಎಂದಂತೆ. ಗ್ಯಾರೇಜಿನ ಭಾಯ್ ಎರಡನ್ನೂ ಹಾಕಿ ಕಳಿಸಿದರು.

ಹೊಸ ಕ್ಲಚ್ ಒತ್ತಿದರೆ ರುಬ್ಬುವ ಕಲ್ಲನ್ನು ಕಾಲಿನಲ್ಲಿ ತಳ್ಳಿದಂತೆ. ಅದೂ ಸಾಲದೆ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ, ತೆಗೆಯಬೇಕು ಎಂದರು ಇವರು. ಒಬ್ಬರು ಕೆಳಗೆ ಮಲಗಿ ತಿರುಪು ಬಿಚ್ಚಬೇಕು, ಇನ್ನೊಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು. ಇನ್ನೊಬ್ಬರು ಯಾರೆಂದು ಚರ್ಚೆಯೇ ಆಗಲಿಲ್ಲ.

"ಒತ್ತು."

"ಒತ್ತಿದೆ."

"ಹಿಡ್ಕೋ."

"ಹಿಡ್ಕೊಂಡಿದೀನಿ. ಒಲೆ ಮೇಲೆ ಹಾಲಿದೆ ಕಣ್ರೀ."

"ಬಿಡಬೇಡ! ಬಿಟ್ರೆ ಮತ್ತೆ ಗಾಳಿ ಒಳಗೆ ಹೋಗ್ತದೆ!"

ಗಾಳಿ ಹೋಗಲಿಲ್ಲ, ಹಾಲು ಹೋಯಿತು. ನಾಲ್ಕು ಭಾನುವಾರ ಹೀಗೇ ನಡೆಯಿತು. ನನ್ನ ಎಡಗಾಲೇ ಬೇರೆ, ಬಲಗಾಲೇ ಬೇರೆ ಆಯಿತು.

ನಮ್ಮ ಮಗಳು ಒಂದನೇ ಕ್ಲಾಸು. ಅಪ್ಪ ಅಮ್ಮ ಭಾನುವಾರ ಏನು ಮಾಡುತ್ತಾರೆ ಎಂದು ಅವಳ ಟೀಚರ್ ಎಲ್ಲ ಮಕ್ಕಳನ್ನೂ ಕೇಳಿದರಂತೆ. ಪಾರ್ಕಿಗೆ ಹೋಗ್ತಾರೆ, ದೇವಸ್ಥಾನಕ್ಕೆ ಹೋಗ್ತಾರೆ ಎಂದು ಉಳಿದ ಮಕ್ಕಳು ಹೇಳಿದವು. ನಮ್ಮವಳು ಎದ್ದು ನಿಂತು, "ಅಪ್ಪ ಕಾರ್ ಕೆಳಗೆ ಮಲಗ್ತಾರೆ, ಅಮ್ಮ ಕಾರೊಳಗೆ ಕೂತು ಬೈತಾರೆ," ಎಂದಳು.

ಮಾರನೆಯ ದಿನ ಗೇಟಿನ ಹತ್ತಿರ ಟೀಚರ್ ನನ್ನನ್ನು ನಿಲ್ಲಿಸಿದರು. ಸಂಸಾರದ ಬಗ್ಗೆ ಬುದ್ಧಿ ಹೇಳುತ್ತಾರೆ, ಹೇಳಿದರೆ ಏನು ಉತ್ತರ ಕೊಡಬೇಕು ಎಂದು ನಾನು ಮಾತು ಜೋಡಿಸಿಟ್ಟುಕೊಂಡೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಈ ಭಾನುವಾರ ನನ್ ಸ್ಕೂಟರೂ ತರ್ಲಾ?"

ನೂರೈವತ್ತು ಕಾಯಿ

ಆಮೇಲೆ ಸಸ್ಪೆನ್ಶನ್. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸ್ಪ್ರಿಂಗ್ ಬಗ್ಗೆ ಎರಡು ಅಂಕದ ಪ್ರಶ್ನೆ ಇತ್ತು. ಅಲ್ಲಿಗೆ ನಾನು ಓದು ಬಿಟ್ಟೆ, ಸ್ಪ್ರಿಂಗ್ ನನ್ನನ್ನು ಬಿಡಲಿಲ್ಲ. ಇವರು ತರಿಸಿದ್ದು ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಸ್ಪ್ರಿಂಗುಗಳು. ತಿರುಗಿಸಿದರೆ ಗಾಡಿ ಏಳುತ್ತದೆ, ಇಳಿಯುತ್ತದೆ. ಏಳಿಸುವ ಆಸೆ ಯಾರಿಗೂ ಇರುವುದಿಲ್ಲವಂತೆ. ಎಲ್ಲರೂ ಇಳಿಸುವವರೇ. ಇವರು ಎರಡು ಇಂಚು ಇಳಿಸಿದರು. ಬಿಚ್ಚಿದ ಹಳೇ ಸ್ಪ್ರಿಂಗುಗಳನ್ನು ಗೋಣಿಯಲ್ಲಿ ಸುತ್ತಿ ನಮ್ಮ ಮಂಚದ ಕೆಳಗೆ ಇಟ್ಟರು.

ಗ್ಯಾರೇಜಿನಿಂದ ಗಾಡಿ ಬಂದಾಗ ನೆಟ್ಟಗಿತ್ತು. ಮನೆಗೆ ಬಂದ ಮೇಲೆ ಡಿಕ್ಕಿ ತೆಗೆದರೆ ಎರಡು ಮೂಟೆ ತೆಂಗಿನಕಾಯಿ. ಎಣ್ಣೆ ಆಡಿಸಲು ಅವ್ವ ಹಿಂದಿನ ವಾರ ಕಳಿಸಿದ್ದು, ಇಳಿಸುವುದನ್ನೇ ಇವರು ಮರೆತಿದ್ದರು. ಮೂಟೆ ಇಳಿಸಿದೆವು. ಗಾಡಿಯ ಹಿಂಭಾಗ ನಿಧಾನವಾಗಿ ಮೇಲೆದ್ದು ನಿಂತಿತು, ಹಾಯಲು ತಲೆ ತಗ್ಗಿಸಿದ ಹೋರಿಯಂತೆ.

ಇವರು ಭಾಯ್‌ಗೆ ಫೋನ್ ಮಾಡಿದರು. ಅವರ ದನಿ ನನಗೂ ಕೇಳುತ್ತಿತ್ತು.

"ನಾನೇ ಹೇಳಿದ್ನಲ್ಲ ಸಾರ್, ಗಾಡೀಲಿ ದಿನಾ ಎಷ್ಟು ಲೋಡ್ ಇರ್ತದೋ ಹಂಗೇ ತನ್ನಿ, ಅದಕ್ಕೆ ಲೆವೆಲ್ ಮಾಡ್ತೀನಿ ಅಂತ."

"ಕಾಯಿ ಮೂಟೆ ನೋಡಿ ಒಂದ್ ಮಾತು ಕೇಳಬಾರದಾ ಭಾಯ್?"

"ಗುಬ್ಬಿ ಅಳಿಯ ಅಲ್ವಾ ಸಾರ್? ದಿನಾ ಇರ್ತದೆ ಅನ್ಕೊಂಡೆ."

ಭಾಯ್‌ಗೆ ಹತ್ತು ದಿನ ಪುರುಸೊತ್ತಿರಲಿಲ್ಲ. ಹಿಂದೆ ಎತ್ತಿಕೊಂಡ ಗಾಡಿಯ ಹೆಡ್‌ಲೈಟು ನೆಲ ನೋಡುತ್ತಿತ್ತು, ಹಾಗೆ ಓಡಿಸುವುದು ಅವಮಾನ ಎಂದರು ಇವರು. ಮೂಟೆಗಳನ್ನು ಮತ್ತೆ ಡಿಕ್ಕಿಗೆ ಹಾಕಿದರು. ನಾನು ಚಟ್ನಿಗೆ ಒಂದೇ ಒಂದು ಕಾಯಿ ತೆಗೆಯಲು ಹೋದರೆ, "ಮುಟ್ಟಬೇಡ, ಲೆವೆಲ್ ಹೋಗ್ತದೆ!" ಮನೆ ಮುಂದೆ ನೂರೈವತ್ತು ಕಾಯಿ ಇಟ್ಟುಕೊಂಡು ನಾನು ಅಂಗಡಿಗೆ ಹೋದೆ. ಅಂಗಡಿಯವನು ನಮ್ಮೂರ ಕಡೆಯವನೇ. "ಏನಕ್ಕಾ, ಗುಬ್ಬಿಯೋರು ಕಾಯಿ ಕೊಳ್ಳಕ್ ಬಂದವ್ರೆ! ತೋಟ ಮಾರ್ಬಿಟ್ರಾ?" ಎಂದ.

ಇವರಿಗೂ ಸಿಕ್ಕಿತು. ಫ್ಯಾಕ್ಟರಿ ಗೇಟಿನಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಡಿಕ್ಕಿ ತೆಗೆಸಿ ನೋಡುತ್ತಾರೆ. ಸೆಕ್ಯುರಿಟಿಯವನು ಒಂದು ವಾರ ನೋಡಿದ. ಎಂಟನೇ ದಿನ ಕರುಣೆಯಿಂದ ಹೇಳಿದನಂತೆ: "ದಿನಾ ತರ್ತೀರಾ, ದಿನಾ ಹಂಗೇ ವಾಪಸ್ ತಗೊಂಡೋಗ್ತೀರಾ. ರೇಟ್ ಸ್ವಲ್ಪ ಇಳಿಸಿ ಸಾರ್, ಹೋಯ್ತವೆ."

ಕೊತ್ತಗೆರೆಯ ಕೆಸರು

ಕಟ್ಟು ಬಿಚ್ಚುವ ದಿನ ಹತ್ತಿರ ಬಂತು. ಹಿಡಿದು ನಡೆಯಲು ಅವ್ವನಿಗೊಂದು ವಾಕರ್ ಬೇಕಿತ್ತು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ನನ್ನ ಸೋದರಮಾವ ಇದ್ದಾರೆ. ಅವರ ಕಾಲಿಗೆ ಹಿಂದೆ ಆಪರೇಷನ್ ಆದಾಗ ತಂದ ವಾಕರ್ ಅಟ್ಟದ ಮೇಲಿದೆ, ಬಂದು ತಗೊಂಡು ಹೋಗಿ ಎಂದರು. ಹೋದೆವು. ಅಷ್ಟರಲ್ಲಿ ಭಾಯ್ ಗಾಡಿಯ ಲೆವೆಲ್ ಸರಿಮಾಡಿದ್ದರು. ಈಗ ಅದು ಮುಂದೆಯೂ ಎರಡು ಇಂಚು ಕೆಳಗೆ, ಹಿಂದೆಯೂ ಎರಡು ಇಂಚು ಕೆಳಗೆ.

ಊಟಕ್ಕೆ ಕೂತಾಗ ಮಾವ, "ಅದೇನೋ ಡಿಫ್ರೆನ್ಸ್ ಹಾಕ್ಸಿದೀರಂತಲ್ಲಪ್ಪ, ಏನದು?" ಎಂದು ಕೇಳಿದರು. ಯಾರಾದರೂ ಕೇಳಲಿ ಎಂದು ಇವರು ಒಂದು ತಿಂಗಳಿಂದ ಕಾದಿದ್ದರು.

"ನೋಡಿ ಮಾವ, ಎರಡು ಚಕ್ರ ಅಂದ್ರೆ ಎರಡು ಎತ್ತು ಇದ್ದಂಗೆ. ಮಾಮೂಲಿ ಗಾಡೀಲಿ ಒಂದು ಎತ್ತು ಕೆಸರಲ್ಲಿ ಜಾರಿದ್ರೆ ಇನ್ನೊಂದೂ ಸುಮ್ನೆ ನಿಂತ್ಕೊಂಡ್ಬಿಡ್ತದೆ. ಇದು ಹಾಕಿದ್ರೆ ಜಾರದೇ ಇರೋ ಎತ್ತು ಎಳೀತದೆ."

ಮಾವ ಅನ್ನ ಬಿಟ್ಟು ಎದ್ದರು. "ದೇವ್ರು ಕಳಿಸಿದಂಗೆ ಬಂದೆ ಬುಡಪ್ಪ. ತೋಟದ್ ತಾವ ಗೂಡ್ಸ್ ಆಟೋ ಬೆಳಿಗ್ಗೆಯಿಂದ ಹೂತ್ಕೊಂಡದೆ. ಬಾ, ಎಳ್ಕೊಡು."

ಹಗ್ಗ ಬಂತು. ಊರಿನ ಹತ್ತು ಜನ ಬಂದರು. ಗಾಡಿ ಠೀವಿಯಿಂದ ತೋಟದ ದಾರಿಯವರೆಗೆ ಹೋಗಿ ನಿಂತಿತು. ಆ ದಾರಿಯ ನಡುವೆ ಎತ್ತಿನ ಬೆನ್ನಿನಂತೆ ಉಬ್ಬಿದ ಹುಲ್ಲಿನ ದಿಣ್ಣೆ. ಇವರು ಇಳಿದರು. ನೆಲಕ್ಕೆ ಕೆನ್ನೆ ಕೊಟ್ಟು ಗಾಡಿಯ ಕೆಳಗೆ ನೋಡಿದರು. ಅಂಗೈ ಇಟ್ಟು ಅಳೆದರು. ಎದ್ದು ಪ್ಯಾಂಟು ಕೊಡವಿಕೊಂಡರು.

"ಮಾವ, ಎಳೆಯೋದು ಎಳೀತದೆ. ಆದ್ರೆ ಅಲ್ಲಿಗೆ ಬರಲ್ಲ."

ಆಟೋವನ್ನು ಪಕ್ಕದ ಹೊಲದವರ ಟ್ರ್ಯಾಕ್ಟರ್ ಎಳೆಯಿತು. ಹೊರಡುವಾಗ ಮಾವ ವಾಕರನ್ನು ಡಿಕ್ಕಿಗಿಟ್ಟು, ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದರು: "ಬೇಜಾರ್ ಮಾಡ್ಕೋಬೇಡ ಕಣವ್ವ. ಪ್ಯಾಟೆ ಅಳಿಯ ಇದ್ದಂಗೇ ಅದೆ ಗಾಡಿ. ಮೈಯಲ್ಲಿ ಶಕ್ತಿ ಅದೆ, ಹೊಲಕ್ಕಿಳಿಯಲ್ಲ."

ಮಂಡಿ

ಕಟ್ಟು ಬಿಚ್ಚಿದರು. ಅವ್ವನ ಕಾಲು ಒನಕೆಯಂತೆ ನೆಟ್ಟಗಿತ್ತು. ಫಿಸಿಯೋಥೆರಪಿ ಮಾಡುವ ಹುಡುಗಿ, ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಹಿಡಿದು, "ಐವತ್ತು ಡಿಗ್ರಿ ಅಷ್ಟೇ ಮಡಚ್ತಿದೆ. ತಿಂಗಳಲ್ಲಿ ತೊಂಬತ್ತಾದ್ರೂ ಆಗ್ಬೇಕು," ಎಂದಳು. ಮನೆಯಲ್ಲಿ ಮಾಡಲು ವ್ಯಾಯಾಮದ ಚಿತ್ರಗಳಿರುವ ಹಾಳೆಯೊಂದನ್ನು ಕೊಟ್ಟಳು. ಅವ್ವ ಅದನ್ನು ಮಡಚಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ಮಡಚಿದ್ದು ಹಾಳೆ ಮಾತ್ರ.

ಅವ್ವನಿಗೆ ಬೇಕಿದ್ದದ್ದು ಡಿಗ್ರಿಯಲ್ಲ, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂರುವುದು. ಆ ಹಸು ಬೇರೆ ಕೈಗೆ ಅರ್ಧ ಹಾಲೂ ಕೊಡುತ್ತಿರಲಿಲ್ಲ. ಮತ್ತು ಕೊಡುತ್ತಾರೆ ಎಂಬ ಮಾತಿಗೇ ಅವ್ವ, "ನಾನ್ ಮತ್ತೆ ಏಳ್ದೇ ಹೋದ್ರೆ?" ಎಂದು ಸೆರಗು ಬಾಯಿಗಿಟ್ಟುಕೊಂಡಿದ್ದಳು.

ಈ ಕಾಲನ್ನು ಆ ಗಾಡಿಯಲ್ಲಿ ತರಬೇಕು. ಮೊದಲ ದಿನವೇ ಗೊತ್ತಾಯಿತು. ಸೀಟು ನೆಲಕ್ಕೆ ಅಂಟಿದಂತಿದೆ. ಅವ್ವ ಬಾಗಿಲ ಮೇಲಿನ ಹಿಡಿಗೆ ಜೋತುಬಿದ್ದು, ದೇವರನ್ನು ಕರೆದು, ಬಾವಿಗೆ ಕೊಡ ಇಳಿಸಿದಂತೆ ತನ್ನನ್ನು ತಾನೇ ಇಳಿಸಿಕೊಂಡಳು. ಊರು ಬಿಟ್ಟ ಮೇಲೆ ಮೊದಲ ಹಂಪು ಬಂತು. ಕರಕರ ಎಂದು ಗಾಡಿಯ ಹೊಟ್ಟೆ ಸವರಿತು. ಇವರ ಮುಖ ಯಾರೋ ಸತ್ತಂತಾಯಿತು.

"ಅತ್ತೆ, ಒಂಚೂರು ಇಳೀತೀರಾ? ಭಾರ ಕಮ್ಮಿ ಆದ್ರೆ ದಾಟ್ತದೆ."

ಅಳಿಯನ ಮಾತು, ಅವ್ವ ಇಳಿದಳು. ನಾನೂ ಮಗಳೂ ಇಳಿದೆವು. ಗಾಡಿ ಅಡ್ಡಡ್ಡವಾಗಿ ಹಂಪು ದಾಟಿತು. ವಾಕರ್ ಹಿಡಿದು ಅವ್ವ ದಾಟಿದಳು, ಮತ್ತೆ ಹತ್ತಿದಳು. ಮೇನ್ ರೋಡ್ ಸೇರುವವರೆಗೆ ಅಂಥವು ಏಳು. ನಮ್ಮ ಕಡೆ ಯಾರ ಮನೆಯ ಮೇಕೆಗೆ ಗಾಡಿ ಗುದ್ದಿದರೂ ಅವರ ಮನೆ ಮುಂದೆ ಒಂದು ಹಂಪು ಹುಟ್ಟುತ್ತದೆ. ಹೋಗುತ್ತಾ ಏಳು, ಬರುತ್ತಾ ಏಳು.

ಮೂರನೇ ಹಂಪಿನ ಪಕ್ಕ ಒಂದು ಟೀ ಅಂಗಡಿ. ಅಲ್ಲಿ ಕೂತಿದ್ದ ಮುದುಕರೊಬ್ಬರು ಎದ್ದು ಬಂದರು. "ಯಾಕವ್ವ, ಗಂಡ ಹೆಂಡ್ರ ಜಗಳಕ್ಕೆ ಮುದುಕೀನ ದಾರೀಲಿ ಇಳಿಸ್ತಾರಾ?"

"ಜಗಳ ಅಲ್ಲ ಕಣಣ್ಣ," ಎಂದಳು ಅವ್ವ, "ಗಾಡಿಗೆ ಹೊಟ್ಟೆನೋವು."

ಮುಂದಿನ ಸಲ ಅವರು ಅವ್ವನಿಗೆ ಟೀ ತಂದುಕೊಟ್ಟರು. ಅದರ ಮುಂದಿನ ಸಲ ಅಂಗಡಿಯವರೆಲ್ಲ ಎದ್ದು ನಿಂತು, ಗಾಡಿಗೆ ರೈಟ್, ಲೆಫ್ಟ್ ಹೇಳಿದರು.

ಎರಡನೇ ವಾರಕ್ಕೆ ನನಗೆ ತಡೆಯಲಾಗಲಿಲ್ಲ. "ಹಳೇ ಸ್ಪ್ರಿಂಗ್ ಹಾಕ್ಸಿ. ಅವ್ವನ ಕಾಲು ಮುರಿದ್ರೆ ನೀವ್ ಕಟ್ಟಿಕೊಡ್ತೀರಾ?" ಎಂದೆ.

"ತಿಂಗಳು ಆಗ್ಲಿ ಕಣೇ. ಅವ್ರು ಅಳತೆ ನೋಡ್ಲಿ. ತೊಂಬತ್ತಕ್ಕೆ ಒಂದೇ ಒಂದು ಡಿಗ್ರಿ ನನ್ ಗಾಡಿಯಿಂದ ಕಮ್ಮಿ ಆಗಿದ್ರೆ ಅವತ್ತೇ ಬಿಚ್ಚಿಸ್ತೀನಿ."

"ಕಮ್ಮಿ ಆಗದೇ ಇದ್ರೆ?"

"ಆಮೇಲೆ ನೀನು ಸ್ಪ್ರಿಂಗ್ ಮಾತೇ ಎತ್ತಬಾರದು."

ಒಪ್ಪಿದೆ. ಅವತ್ತೇ ಸಂಜೆ ಮಂಚದ ಕೆಳಗಿನ ಗೋಣಿ ಬಿಚ್ಚಿ, ಹಳೇ ಸ್ಪ್ರಿಂಗುಗಳ ಧೂಳು ಒರೆಸಿಟ್ಟೆ.

ತಿಂಗಳಾಯಿತು. ಅವ್ವನನ್ನು ಮಂಚದ ಮೇಲೆ ಮಲಗಿಸಿ ಆ ಹುಡುಗಿ ಮಂಡಿ ಮಡಚಿದಳು. ಪಟ್ಟಿ ಇಟ್ಟಳು. ತೆಗೆದು ಮತ್ತೆ ಇಟ್ಟಳು. ಒಳಗಿಂದ ಡಾಕ್ಟರನ್ನು ಕರೆತಂದಳು. ಅವರೂ ಇಟ್ಟು ನೋಡಿದರು.

"ನೂರಾ ಹತ್ತು," ಎಂದರು ಡಾಕ್ಟರು. "ಮತ್ತು ಗಿತ್ತು ಏನೂ ಬೇಡ. ಹೋಗಿ ಹಾಲು ಕರ್ಕೊಳಿ ಅಜ್ಜಿ."

ಅವ್ವ ಅಲ್ಲೇ ಅತ್ತುಬಿಟ್ಟಳು. ಆದರೆ ಆ ಹುಡುಗಿ ಬಿಡಲಿಲ್ಲ.

"ನಾನ್ ಕೊಟ್ಟ ಹಾಳೇಲಿರೋದು ಮಾಡಿದ್ರಾ ಅಜ್ಜಿ?"

"ಎಲ್ಲಿ ಮಗಾ, ಹಸು, ಕರು, ಪುರುಸೊತ್ತೇ ಇಲ್ಲ," ಎಂದು ಅವ್ವ ಮೂಗು ಒರೆಸಿಕೊಂಡಳು.

ಹುಡುಗಿ ನನ್ನ ಕಡೆ ತಿರುಗಿದಳು. ಪೆನ್ನು, ಪುಸ್ತಕ ತೆಗೆದುಕೊಂಡಳು. "ಮಾಡದೇ ಇಷ್ಟು ಬರಲ್ಲ ಅಕ್ಕ. ತಗ್ಗಿನ ಸೀಟಲ್ಲಿ ಕೂರಿಸಿ, ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಕೂರಿಸಿ, ಯಾರೋ ತುಂಬಾ ಕ್ರಮವಾಗಿ ಮಾಡ್ಸಿದಾರೆ. ಬೇರೆ ಪೇಷಂಟ್‌ಗಳಿಗೂ ಹೇಳ್ತೀನಿ, ಬರ್ಕೋತೀನಿ."

ಬಾಗಿಲಲ್ಲಿ ಒರಗಿ ಕಾರಿನ ಕೀ ತಿರುಗಿಸುತ್ತಿದ್ದ ಇವರು ತಿರುಗಿಸುವುದನ್ನು ನಿಲ್ಲಿಸಿದರು.

"ಹೇಳಿ ಅಕ್ಕ, ನಿಮ್ ತಾಯಿಗೆ ಇದನ್ನ ಮಾಡ್ಸಿದ್ದು ಯಾರು?"