ಭಾವನ ಶನಿವಾರದ ಗಂಟುಗಳು

ನಮ್ಮ ಭಾವನ ತಲೆಯ ಮೇಲೆ ಒಂದು ಕೂದಲೂ ಇಲ್ಲ. ತಲೆಯ ಒಳಗೆ ಮಾತ್ರ ಬರೀ ಕೂದಲೇ! ಅವರು ಇಲ್ಲಿ ಜಪಾನಿನ ವಾಕೋದಲ್ಲಿ ವಿಜ್ಞಾನಿ. ಏನು ಸಂಶೋಧನೆ ಎಂದು ಕೇಳಿದರೆ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಮಗಳ ಗುಂಗುರು ಕೂದಲಿನ ಬಗ್ಗೆ ಕೇಳಿ ನೋಡಿ, ನಿಮ್ಮ ರೈಲು ತಪ್ಪಿತೆಂದೇ ಲೆಕ್ಕ!

ಆ ಗುಂಗುರು ನಮ್ಮ ಕಡೆಯದು. ನಾನೂ ಅಕ್ಕನೂ ನಮ್ಮ ಕೂದಲಿಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು ಅದರ ಬಾಯಿ ಮುಚ್ಚಿಸಿದ್ದೆವು. ಆದರೆ ಇಲ್ಲಿನ ಸಲೂನಿನಾಕೆ ಮಗುವಿನ ತಲೆ ನೋಡಿ, ಹಲ್ಲಿನ ಸಂದಿಯಿಂದ ಉಸಿರೆಳೆದು, "ಸುಮಿಮಾಸೆನ್, ಕ್ಷಮಿಸಿ, ಇದು ನಮ್ಮಿಂದಾಗದು" ಎಂದು ಬಗ್ಗಿದ್ದೇ ತಡ, ಭಾವನಿಗೆ ರೋಷ ಬಂತು. ಸಂಸ್ಥೆಗೆ ಬಂದಿದ್ದ ಘಾನಾದ ಸಂಶೋಧಕಿಯೊಬ್ಬರಿಂದ ಗಂಟು ಸುತ್ತುವುದನ್ನು ಕಲಿತುಬಂದರು. ಒದ್ದೆ ಕೂದಲನ್ನು ಪಾಲು ಮಾಡಿ, ಒಂದೊಂದನ್ನೂ ಹುರಿ ಹೊಸೆದು, ಅದರ ಬುಡಕ್ಕೇ ಸುತ್ತಿ ತುದಿ ಸಿಕ್ಕಿಸುವುದು. ಬೆಳಿಗ್ಗೆ ಬಿಚ್ಚಿದರೆ ಗುಂಗುರು ಒಪ್ಪವಾಗಿ ಇಳಿಯುತ್ತದೆ. ಅಂದಿನಿಂದ ಪ್ರತಿ ಶನಿವಾರ ಸಂಜೆ ಸ್ಟೂಲು, ಬಾಚಣಿಗೆ, ನೀರು ಚಿಮುಕಿಸುವ ಬಾಟಲಿ. ಮಗಳ ತಲೆತುಂಬ ಪುಟ್ಟ ಪುಟ್ಟ ಚಕ್ಕುಲಿ!

ಒಮ್ಮೆ ಗಂಟು ಅರ್ಧಕ್ಕೆ ಬಂದಾಗ ಭೂಮಿ ನಡುಗಿತು. ಎಲ್ಲರೂ ಮೇಜಿನಡಿ ತೂರಿದೆವು. ಭಾವನೂ ತೂರಿದರು, ಮಗಳ ಕೂದಲಿನ ಎಳೆ ಕೈಬಿಡದೆ!

"ರೀ, ಮೊದ್ಲು ನಿಮ್ ತಲೆ ಮುಚ್ಕೊಳ್ರೀ!" ಎಂದು ಅಕ್ಕ ಕಿರುಚಿದಳು.

"ತಡಿಯೇ, ಬಿಟ್ರೆ ಬಿಚ್ಚೋಗತ್ತೆ!"

ಮನೆ ಅಲುಗುವುದು ನಿಂತಾಗ ಗಂಟೂ ಮುಗಿದಿತ್ತು.

ಅಗಸೆಬೀಜ ಕುದಿಸಿ ಸೋಸಿದ ಲೋಳೆ ಅವರ ಬ್ರಹ್ಮಾಸ್ತ್ರ. ಕೂದಲಿಗೆ ಹಚ್ಚಲೆಂದು ಅದನ್ನು ಬಟ್ಟಲಲ್ಲಿ ತೆಗೆದಿಟ್ಟಿದ್ದ ದಿನವೇ ಅವರ ಸಹೋದ್ಯೋಗಿ ಮೋರಿ-ಸಾನ್ ಊಟಕ್ಕೆ ಬಂದರು. ಇಲ್ಲಿನವರು ಅನ್ನದ ಮೇಲೆ ಒಂದು ಜಾತಿಯ ಕಾಡುಗೆಣಸು ತುರಿದ ಲೋಳೆ ಹಾಕಿಕೊಳ್ಳುವುದುಂಟು. ಇದೂ ಅದೇ ಎಂದುಕೊಂಡು ಪಾಪ, ಸುರಿದುಕೊಂಡೇಬಿಟ್ಟರು. "ಒಯಿಶೀ, ರುಚಿಯಾಗಿದೆ!" ಎಂದು ಬಟ್ಟಲು ಖಾಲಿ ಮಾಡಿದರು. ಅಕ್ಕನಿಗೆ ಬೆವರು. ಭಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದೇನು ಗೊತ್ತೇ? "ಇವತ್ತಿನ ಗಂಟಿಗೆ ಏನ್ ಮಾಡ್ಲಿ ಈಗ?"

ಇಷ್ಟೆಲ್ಲ ನಗುವಿನ ನಡುವೆ ಒಂದು ಸಂಗತಿಯಿತ್ತು. ವಾರವಿಡೀ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನೀಸಿನಲ್ಲಿ ಉತ್ತರಿಸುವ ಹುಡುಗಿ, ಆ ಸ್ಟೂಲಿನ ಮೇಲೆ ಕೂತರೆ ಕನ್ನಡವಾಡುತ್ತಿದ್ದಳು. "ಎಳೀಬೇಡ ಅಪ್ಪಾ!" ಎಂದು ಶುರುವಾದರೆ ಶಾಲೆ, ಗೆಳತಿಯರು, ಜಗಳ, ರಾಜಿ ಎಲ್ಲವೂ ಬರುತ್ತಿದ್ದವು. ಭಾವ ಬೇಕೆಂದೇ ನಿಧಾನ ಮಾಡುತ್ತಿದ್ದರು. ಶನಿವಾರಕ್ಕೆ ಅವರು ಕಾಯುತ್ತಿದ್ದುದು ಕೂದಲಿಗಿಂತ ಹೆಚ್ಚಾಗಿ ಈ ಮಾತಿಗೆ.

ಈ ವರ್ಷ ಅವಳು ಮಿಡ್ಲ್ ಸ್ಕೂಲಿಗೆ ಸೇರಿದಳು. ಒಂದು ಶನಿವಾರ ಸ್ಟೂಲಿನ ಬಳಿ ಬಂದವಳು ಕೂರಲಿಲ್ಲ. "ಐ ವಾಂಟ್ ಫುತ್ಸೂ ಹೇರ್, ಅಪ್ಪ," ಎಂದಳು. ಫುತ್ಸೂ ಎಂದರೆ ಮಾಮೂಲಿ, ಎಲ್ಲರಂಥದ್ದು. ತರಗತಿಯಲ್ಲಿ ಹೋಗುವವರು ಬರುವವರೆಲ್ಲ ಅವಳ ತಲೆ ಮುಟ್ಟಿ ನೋಡುತ್ತಿದ್ದರಂತೆ, ಚಿಕ್ಕ ತರಗತಿಯಿಂದಲೂ.

"ಮೊದ್ಲೇ ಯಾಕೆ ಹೇಳ್ಲಿಲ್ಲ ಪುಟ್ಟಾ?"

"ನೀನು ಅಷ್ಟು ಖುಷಿಯಾಗಿ ಮಾಡ್ತಿದ್ದೆ," ಎಂದಳು ಅಚ್ಚಕನ್ನಡದಲ್ಲಿ.

ಭಾವ ವಾದಿಸಲಿಲ್ಲ. ತಾವೇ ಸಲೂನಿಗೆ ಕರೆದುಕೊಂಡು ಹೋಗಿ ಕೂದಲು ನೇರ ಮಾಡಿಸಿದರು. ಆಮೇಲೆ ನನ್ನ ಮುಂದೆ ಮಾತ್ರ ಅಂದರು: "ಎಲ್ಲಾ ಹೇಳ್ತಾಳೆ ಅನ್ಕೊಂಡಿದ್ದೆ ಕಣಮ್ಮಾ. ಇದೊಂದನ್ನ ನಾನೇ ಕೇಳ್ಬೇಕಿತ್ತು." ಸದಾ ಹರಟುವ ಮನುಷ್ಯ ಅಷ್ಟು ಹೇಳಿ ಬಾಚಣಿಗೆಯನ್ನು ಡ್ರಾಯರಿಗೆ ಹಾಕಿದರು.

ಮೊನ್ನೆ ಶನಿವಾರ ಸಂಜೆ ಭಾವ ಏನೂ ತೋಚದೆ ಕೈ ಕಟ್ಟಿ ಕೂತಿದ್ದರು. ಮಗಳು ಬಂದು ನೋಡಿದಳು. ಸ್ಟೂಲು ಎಳೆದುಕೊಂಡು ಅವರಿಗೆ ಬೆನ್ನು ಮಾಡಿ ಕೂತಳು. ಭಾವ ಒಂದು ಎಳೆ ಹೊಸೆದು ಸುತ್ತಿದರು. ನುಣುಪು ಕೂದಲು ಜಾರಿ ಬಿಚ್ಚಿಕೊಂಡಿತು. ಮತ್ತೆ ಸುತ್ತಿದರು, ಮತ್ತೆ ಜಾರಿತು.

"ನಿಲ್ಲಲ್ಲ ಅಪ್ಪ."

"ಗೊತ್ತು ಪುಟ್ಟಾ. ನಿಲ್ಲೋದು ಬೇಡ, ನೀನು ಸ್ವಲ್ಪ ಹೊತ್ತು ಕೂತ್ಕೋ ಸಾಕು. ನಂಗೆ ಬೇಜಾರಾಗೋ ಮಾತಿದ್ರೂ ಹೇಳು."

ಅವಳು ಎದ್ದು ಹೋಗಲಿಲ್ಲ. ಭಾವ ಜಾರಿದ ಎಳೆಯನ್ನೇ ಮತ್ತೆ ಕೈಗೆತ್ತಿಕೊಂಡರು.