ಇಸಾಕಸಾಬನ ಕೆಂಪು ಮೀನು

ಹೂವಿನಹಡಗಲಿಯ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಇಸಾಕಸಾಬನ ಹಿಂದೆ ನಾಲ್ಕು ಬೆಕ್ಕುಗಳು ಬಂದವು. ಅವನ ಹೆಗಲ ಮೇಲಿದ್ದ ಥರ್ಮಾಕೋಲ್ ಡಬ್ಬಿಯ ಮೂಲೆಯೊಂದು ಬಸ್ಸಿನಲ್ಲಿ ಒಡೆದು, ಐಸಿನ ನೀರು ದಾರಿಯುದ್ದಕ್ಕೂ ಸೋರಿತ್ತು. ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಆ ನೀರಿನ ಗೆರೆ ಹಿಡಿದು ಬಂದರೆ ಯಾರು ಬೇಕಾದರೂ ಅವನ ಹೊಸ್ತಿಲಿಗೆ ಬಂದು ಮುಟ್ಟಬಹುದಿತ್ತು. ಇಬ್ಬರು ಹಾಗೇ ಬಂದು ಮುಟ್ಟಿದರು.

ಒಬ್ಬಾಕೆ ಎದುರುಮನೆಯ ಹೊನ್ನೂರಮ್ಮ. ಅರ್ಧ ಕಟ್ಟಿದ ಮಲ್ಲಿಗೆ ಮಾಲೆಯನ್ನು ಕೈಯಲ್ಲಿ ಹಿಡಿದೇ ಬಂದಿದ್ದಳು. ಇನ್ನೊಬ್ಬ ಪಕ್ಕದ ಮನೆಯ ಯರ್ರೆಪ್ಪ, ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಟಿಕೆಟ್ ಇಲ್ಲದವರನ್ನು ಹುಡುಕಿ ಹುಡುಕಿ ಅವನ ಕಣ್ಣುಗಳು ಸ್ವಲ್ಪ ಮುಂದಕ್ಕೇ ಬಂದುಬಿಟ್ಟಿದ್ದವು.

ಇಸಾಕಸಾಬ ಅಂಗಳದಲ್ಲಿ ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಒಳಗೆ ಒಂದೂವರೆ ಮೊಳ ಉದ್ದದ ಕೆಂಪು ಮೀನು, ಮದುವೆಗೆ ಹೊರಟಂತೆ ಮಿಂಚುತ್ತ ಮಲಗಿತ್ತು. ಹೆಂಡತಿ ಶಹಜಾನಬಿ ಮೀನನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಮೀನನ್ನು ನೋಡಿದಳು.

"ಎಲ್ಲಿ ತಗೊಂಡ್ರಿ ಇದನ್ನ?"

"ತಗೊಂಡಿಲ್ಲ. ನಾನೇ ಹಿಡಿದದ್ದು. ಸಮುದ್ರದಾಗ."

ಶಹಜಾನಬಿ ಮೀನನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು. ಬೈಕ್ ರಿಪೇರಿ ಮಾಡುವ ಇಸಾಕಸಾಬ ಮಹಾ ಸಾಧು ಮನುಷ್ಯ, ಆದರೆ ಎರಡು ವರ್ಷದ ಹಿಂದೆ ಮೈಲಾರಕ್ಕೆ ಹೋಗುತ್ತೇನೆಂದು ಹೇಳಿ ಹೋದವನು ಹರಪನಹಳ್ಳಿ ಹತ್ತಿರದ ಮಾವಿನ ತೋಪಿನಲ್ಲಿ ಎರಡು ದಿನ ಇಸ್ಪೀಟು ಆಡಿ ಬಂದಿದ್ದ. ಬರುವಾಗ ಒಂದು ಕಿಲೋ ಜಿಲೇಬಿ ತಂದಿದ್ದ. ಆಮೇಲೆ ದರ್ಗಾದಲ್ಲಿ ಆಣೆ ಮಾಡಿ ಇಸ್ಪೀಟಿನ ಎಲೆ ಮುಟ್ಟುವುದು ಬಿಟ್ಟ. ಆದರೆ ಗಂಡ ಏನಾದರೂ ತಂದರೆ ತೂಕ ನೋಡುವ ಅಭ್ಯಾಸ ಶಹಜಾನಬಿಯನ್ನು ಬಿಡಲಿಲ್ಲ. ಜಿಲೇಬಿಗೇ ಎರಡು ದಿನದ ಆಟ. ಈ ಮೀನು ಕಡಿಮೆಯೆಂದರೂ ಐದು ಕಿಲೋ ಇತ್ತು.

ನಡೆದದ್ದು ಇಷ್ಟೇ. ಶಹಜಾನಬಿಯ ತಂಗಿ ಅಫ್ರೀನ್‌ಳನ್ನು ಹೊನ್ನಾವರದ ಕಡೆ ಕೊಟ್ಟಿದ್ದರು. ಗಂಡ ಫಿರೋಜ್‌ಗೆ ಒಂದು ಪುಟ್ಟ ಫೈಬರ್ ದೋಣಿ ಇತ್ತು. ದಡದ ಹತ್ತಿರವೇ ಮೀನು ಹಿಡಿದು ಬದುಕುತ್ತಿದ್ದ. ತಿಂಗಳ ಹಿಂದೆ ಅವನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ನೋಡಿಕೊಂಡು ಬರುತ್ತೇನೆಂದು ಇಸಾಕಸಾಬ ಶುಕ್ರವಾರ ಹೊರಟಿದ್ದ. ಹೋದರೆ ಅಫ್ರೀನ್ ಭಟ್ಕಳಕ್ಕೆ ಮದುವೆಗೆ ಹೋಗಿದ್ದಳು. "ಭಾವ, ಡಾಕ್ಟರು ದೋಣಿಗೆ ಹೋಗ್ಲಕ್ಕು ಅಂದಿದಾರೆ, ಬನ್ನಿ" ಎಂದು ಫಿರೋಜ್ ಕರೆದ. ಇಸಾಕಸಾಬ ನಂಬಿದ.

ಯರ್ರೆಪ್ಪ ಕಟ್ಟೆಯ ಮೇಲೆ ಕುಳಿತು ವಿಚಾರಣೆ ಶುರು ಮಾಡಿದ. "ದೋಣಿ ಎಷ್ಟು ಗಂಟಿಗೆ ಬಿಟ್ರಿ?"

"ನಸಕಿನ್ಯಾಗ. ಐದಕ್ಕ."

"ಎಷ್ಟು ದೂರ?"

"ದಂಡಿ ಕಾಣ್ತಿತ್ತು. ತೆಂಗಿನ ಗಿಡ ಕಡ್ಡಿ ನಿಲ್ಲಿಸಿದಂಗ ಕಾಣ್ತಿದ್ವು. ಅಲ್ಲೊಂದು ಬಂಡಿ ಇತ್ತು, ಅದರ ಬಾಜೂಕ ಲಂಗರ ಹಾಕಿದ್ವಿ."

"ಸಮುದ್ರದಾಗ ಬಂಡಿ ಹೆಂಗ ಬಂತು?" ಎಂದಳು ಹೊನ್ನೂರಮ್ಮ.

"ಎತ್ತಿನ ಬಂಡಿ ಅಲ್ಲಬೇ, ಕಲ್ಲಬಂಡಿ. ನೀರಾಗಿಂದ ಮ್ಯಾಲೆದ್ದ ದೊಡ್ಡ ಕಲ್ಲು."

"ಗಾಳಕ್ಕ ಏನ್ ಚುಚ್ಚಿದ್ರಿ?" ಯರ್ರೆಪ್ಪ ಬಿಡಲಿಲ್ಲ.

"ಸಿಗಡಿ."

"ಈ ಮೀನದ ಹೆಸರೇನು?"

"ಫಿರೋಜ್ ಹೇಳಿದ್ದ. ಬಸ್ಸಿನ್ಯಾಗ ನಿದ್ದಿ ಹತ್ತಿತು, ಮರ್ತೋತು."

ಯರ್ರೆಪ್ಪ ಹೊನ್ನೂರಮ್ಮನ ಕಡೆ ನೋಡಿದ. ಅವಳು ಮಾಲೆಗೆ ಇನ್ನೊಂದು ಗಂಟು ಹಾಕಿದಳು.

"ಆತು, ಜಗ್ಗಿದವ ನೀನು. ದೋಣಿ ಒಳಗ ಎತ್ತಿ ಹಾಕಿದವರು ಯಾರು?"

"ಫಿರೋಜ್."

"ಆವಾಗ ನೀ ಏನ್ ಮಾಡ್ತಿದ್ದಿ?"

"ಆ ಕಡಿ ನೋಡ್ತಿದ್ದೆ."

ಅದು ಅರ್ಧ ಸತ್ಯ. ಲಂಗರು ಹಾಕಿ ನಿಂತ ದೋಣಿ ತೊಟ್ಟಿಲಿನಂತೆ ತೂಗತೊಡಗಿದಾಗಿನಿಂದ ಇಸಾಕಸಾಬನ ಹೊಟ್ಟೆಯೂ ತೂಗತೊಡಗಿತ್ತು. ಬೆರಳಿಗೆ ಸುತ್ತಿದ ಗಾಳದ ನೈಲಾನ್ ದಾರ, ಆ ತಂಗೂಸು, ಒಮ್ಮೆಲೇ ಜಗ್ಗಿದಾಗ, ಓಡುವ ಬೈಕಿನ ಚೈನಿಗೆ ಕೈ ಸಿಕ್ಕಂತಾಯಿತು. ಕಾಲು ಗಂಟೆ ಎಳೆದ, ಬಿಟ್ಟ, ಮತ್ತೆ ಎಳೆದ. ಕೆಂಪು ಬೆನ್ನು ನೀರಿನ ಮೇಲೆ ಕಂಡಿತು. ಸರಿಯಾಗಿ ಆಗಲೇ ಬೆಳಗಿನ ಚಹಾ ಮೇಲೆ ಬಂತು. ತಂಗೂಸನ್ನು ಫಿರೋಜ್ ಕೈಗೆ ಕೊಟ್ಟು ದೋಣಿಯ ಇನ್ನೊಂದು ಬದಿಗೆ ಬಗ್ಗಿದ. ತಲೆ ಎತ್ತಿದಾಗ ಮೀನು ಕಾಲ ಬುಡದಲ್ಲಿ ಪಟಪಟ ಬಡಿಯುತ್ತಿತ್ತು. ಆದರೆ ಈ ಓಣಿಯಲ್ಲಿ ವಾಂತಿಯ ಸುದ್ದಿ ಹೇಳಿದರೆ ಮುಂದಿನ ವರ್ಷದವರೆಗೂ ಅದೇ ಮಾತು.

"ಫೋಟೋ ಐತೇನು?" ಎಂದಳು ಶಹಜಾನಬಿ.

"ಫೋನ್ ತೋಯ್ತೈತಿ ಅಂತ ಫಿರೋಜ್ ಮನ್ಯಾಗ ಇಟ್ಟು ಹೋಗಿದ್ದೆ."

"ಬಸ್ಸಿನ ಟಿಕೆಟ್ಟಾದ್ರೂ ತೋರ್ಸು" ಎಂದ ಯರ್ರೆಪ್ಪ, ಹಳೆಯ ಹುರುಪಿನಿಂದ.

ಇಸಾಕಸಾಬ ಜೇಬಿಗೆ ಕೈ ಹಾಕಿದ. ಡಬ್ಬಿಯ ನೀರು ಜೇಬಿಗೂ ಇಳಿದಿತ್ತು. ಅವನ ಅಂಗೈಯಲ್ಲಿ ಹೊರಬಂದದ್ದು ಕಲಸಿದ ಕಡಲೆ ಹಿಟ್ಟಿನಂಥ ಒಂದು ಉಂಡೆ. ಯರ್ರೆಪ್ಪ ಅದನ್ನು ಬೆರಳಿನಿಂದ ಬಿಡಿಸಿ ನೋಡಿ, ತಲೆ ಅಲ್ಲಾಡಿಸಿದ.

"ನಿನ್ನಿ ಇಡೀ ದಿನ ಫಿರೋಜ್ ಫೋನ್ ಹತ್ತಲಿಲ್ಲ, ನಿಮ್ಮದೂ ಎತ್ತಲಿಲ್ಲ" ಎಂದಳು ಶಹಜಾನಬಿ. "ಈಗ ಕೇಳೇಬಿಡ್ತೀನಿ."

"ಕೇಳು" ಎಂದ ಇಸಾಕಸಾಬ, ಬೆಳಗಿನಿಂದ ಮೊದಲ ಸಲ ನೆಮ್ಮದಿಯಾಗಿ. "ಎಲ್ಲರಿಗೂ ಕೇಳುವಂಗ ಇಟ್ಟು ಕೇಳು."

ಅವಳು ಸ್ಪೀಕರ್ ಹಾಕಿದಳು. ಫಿರೋಜ್ ಎತ್ತಿದ. ಅದೇ ಹೊತ್ತಿಗೆ ಹಿಂದಿನಿಂದ, ಮದುವೆಯಿಂದ ಆಗತಾನೆ ಬಂದ ಅಫ್ರೀನ್‌ಳ ದನಿ ಕೇಳಿತು: "ಯಾರ್ರೀ ಅದು?"

"ಫಿರೋಜ್, ನಿಮ್ಮ ಭಾವ ನಿನ್ನಿ ನಿನ್ನ ಕೂಡ ದೋಣ್ಯಾಗ ಸಮುದ್ರಕ್ಕ ಬಂದಿದ್ರೇನಪ?" ಎಂದಳು ಶಹಜಾನಬಿ.

ಫಿರೋಜ್ ದನಿ ಏರಿಸಿ, ಪಕ್ಕದಲ್ಲಿದ್ದ ಹೆಂಡತಿಗೂ ಕೇಳುವಂತೆ ಹೇಳಿದ:

"ಸಮುದ್ರಕ್ಕಾ? ಡಾಕ್ಟರು ಇನ್ನೂ ಎರಡು ತಿಂಗಳು ದೋಣಿ ಮುಟ್ಟಬೇಡ ಅಂದಿದಾರಲ್ಲ ಅಕ್ಕ. ನಾನು ಮಲಗಿದಲ್ಲೇ ಇದ್ದೆ. ಭಾವ ಈ ಕಡೆ ಬರ್ಲೇ ಇಲ್ಲ."

ಫೋನ್ ಕಟ್ಟಾಯಿತು. ಬೆಕ್ಕುಗಳೂ ಇಸಾಕಸಾಬನನ್ನೇ ನೋಡುತ್ತಿರುವಂತಿತ್ತು.

"ಮಾವಿನ ತೋಪಿನ್ಯಾಗ ಮೀನ ಸಿಗ್ತಾವಂತ ನನಗ ಗೊತ್ತಿರಲಿಲ್ಲ" ಎಂದ ಯರ್ರೆಪ್ಪ.

ಶಹಜಾನಬಿ ಅಳಲಿಲ್ಲ, ಬೈಯಲಿಲ್ಲ. ಅದೇ ಇಸಾಕಸಾಬನಿಗೆ ಹೆದರಿಕೆ ಹುಟ್ಟಿಸಿತು. "ಅಡಿಗಿ ಮಾಡಿ ಓಣಿಗೆ ಹಂಚ್ತೀನಿ. ಸಂಜೀಕ ತವರುಮನಿಗೆ ಹೋಗ್ತೀನಿ. ದರ್ಗಾದಾಗ ನಿಂತು ಹೇಳಿದ ಮಾತಿಗೇ ಕಿಮ್ಮತ್ತಿಲ್ಲ ಅಂದಮ್ಯಾಗ ನಾ ಇಲ್ಲಿದ್ದು ಏನ್ ಮಾಡ್ಲಿ?" ಎಂದು ಈಳಿಗೆ ತಂದು ಕುಳಿತಳು. ಇಸಾಕಸಾಬ ತನ್ನ ಫೋನ್ ತೆಗೆದ. ಫಿರೋಜ್‌ಗೆ ಏಳು ಸಲ ಫೋನ್ ಮಾಡಿದ. ಏಳು ಸಲವೂ ಅವನು ಎತ್ತಲಿಲ್ಲ.

ಮೀನಿನ ಹೊಟ್ಟೆ ಸೀಳಿ ಗಂಟಲಿಗೆ ಬಂದಾಗ ಈಳಿಗೆ ಕಟ್ ಎಂದು ತಡೆಯಿತು. ಶಹಜಾನಬಿ ಬೆರಳು ಹಾಕಿ ಎಳೆದಳು. ದಪ್ಪನೆಯ ಉಕ್ಕಿನ ಗಾಳ, ಅದಕ್ಕೆ ಗೇಣುದ್ದದ ತಂಗೂಸು. ಮೀನು ಗಾಳವನ್ನು ಪೂರಾ ನುಂಗಿದ್ದರಿಂದ ಫಿರೋಜ್ ತಂಗೂಸನ್ನೇ ಕತ್ತರಿಸಿದ್ದ. ಆ ಕಡೆ ಬಗ್ಗಿದ್ದ ಇಸಾಕಸಾಬನಿಗೆ ಅದು ಗೊತ್ತೇ ಇರಲಿಲ್ಲ.

ಯರ್ರೆಪ್ಪ ಗಾಳವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಇಸಾಕಸಾಬನ ಬೆರಳಿನ ಮೇಲಿದ್ದ ಕೊಯ್ದ ಗೆರೆಗೆ ತಂಗೂಸನ್ನು ಸುತ್ತಿ ನೋಡಿದ. ಸರಿಯಾಗಿ ಕೂತಿತು.

"ತಂಗೀ, ನಮ್ಮ ಹೊಳಿಗೆ ಇಷ್ಟು ದಪ್ಪನ್ನ ಗಾಳ ಯಾರೂ ಹಾಕಂಗಿಲ್ಲ. ಇವ ಖರೇನ ಸಮುದ್ರಕ್ಕ ಹೋಗ್ಯಾನ."

ಶಹಜಾನಬಿಯ ಮುಖ ಸಡಿಲವಾಯಿತು. ಹೊನ್ನೂರಮ್ಮ, "ಪಾಪ, ಸುಮ್ಮನ ಅಂದ್ವಿ" ಎಂದಳು. ಇಸಾಕಸಾಬನಿಗೆ ಎರಡು ರೆಕ್ಕೆ ಬಂದಂತಾಯಿತು. ಗಾಳದ ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕೆಳಗೆ ತನ್ನ ದನಿಯನ್ನೂ ಕಳಿಸಿದ: "ಫಿರೋಜ್ ಸುಳ್ಳು ಹೇಳ್ಯಾನ. ನಿನ್ನಿ ಮುಂಜಾನಿಂದ ಮಧ್ಯಾಹ್ನದ ಮಟ ಇಬ್ಬರೂ ದೋಣ್ಯಾಗ ಇದ್ವಿ. ಸಾಕ್ಷಿ ಇಲ್ಲೈತಿ, ಎಲ್ಲಾರೂ ನೋಡ್ರಿ."

ಎಲ್ಲರೂ ನೋಡಿದರು. ಮೊದಲು ನೋಡಿದವಳು ಅಫ್ರೀನ್. ಎರಡೇ ನಿಮಿಷಕ್ಕೆ ಅವಳ ಫೋನ್ ಬಂತು. ಶಹಜಾನಬಿ ಮತ್ತೆ ಸ್ಪೀಕರ್ ಹಾಕಿದಳು.

"ಅಕ್ಕ, ನಾ ಬಂದಾಗಿಂದ ಇವರು ಹೊಲಿಗಿ ಹಾಕಿದಲ್ಲಿ ನೋವು ಅಂತ ಒದ್ದಾಡಾಕ ಹತ್ಯಾರ. ಯಾಕಂತ ಈಗ ಗೊತ್ತಾತು. ಲಂಗರ ಎತ್ತ್ಯಾರ, ಮೀನ ಎತ್ತ್ಯಾರ. ಡಾಕ್ಟರಿಗೆ ಫೋನ್ ಹಚ್ಚಿದ್ರ ಇನ್ನ ನಾಲ್ಕು ತಿಂಗಳು ಹಾಸಿಗಿ ಬಿಟ್ಟು ಏಳಬ್ಯಾಡ ಅಂದ್ರು. ದೋಣಿ ನಿಂತ್ರ ನಮ್ಮ ಹೊಟ್ಟಿ ಹೆಂಗ ತುಂಬಬೇಕು?"

ಹಿಂದಿನಿಂದ ಫಿರೋಜ್‌ನ ಕ್ಷೀಣ ದನಿ ಬಂತು: "ನಾನು ಬೇಡ ಅಂದೆ. ಭಾವನೇ ಕೇಳ್ಲಿಲ್ಲ."

ಶಹಜಾನಬಿ ಗಂಡನ ಕಡೆ ತಿರುಗಿದಳು. "ಆಪರೇಷನ್ ಆದ ಮನಶಾನ್ನ ದೋಣಿ ಹತ್ತಿಸಿದ್ರಿ?"

"ಅವನೇ ನನ್ನ ಹತ್ತಿಸಿದ."

"ಅಫ್ರೀನ್, ನೀ ಅಳಬ್ಯಾಡ" ಎಂದಳು ಶಹಜಾನಬಿ ಫೋನಿಗೆ. "ಸಂಜಿ ಬಸ್ಸಿಗೆ ಇವರನ್ನ ಕಳಸ್ತೀನಿ. ನಾಲ್ಕು ತಿಂಗಳು ದೋಣಿ ಇವರು ನಡಸ್ಲಿ. ಇಷ್ಟು ದೊಡ್ಡ ಮೀನ ಒಬ್ಬರೇ ಜಗ್ಗಿ ಹಿಡಿದವರು."

ಇಸಾಕಸಾಬನ ಕಣ್ಣ ಮುಂದೆ ದೋಣಿ ಮೆಲ್ಲಗೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಅವನು ಎದ್ದು ನಿಂತು, ಯರ್ರೆಪ್ಪನನ್ನೂ ಹೊನ್ನೂರಮ್ಮನನ್ನೂ ಒಮ್ಮೆ ನೋಡಿ, ಹೆಂಡತಿಯ ಮುಂದೆ ಕೈ ಜೋಡಿಸಿದ.

"ತಪ್ಪಾತು. ನಾ ಸಮುದ್ರಕ್ಕ ಹೋಗೇ ಇಲ್ಲ. ತೋಪಿನ್ಯಾಗ ಇಸ್ಪೀಟ ಆಡ್ತಿದ್ದೆ. ಮೀನ ಹುಬ್ಬಳ್ಳ್ಯಾಗ ಕೊಂಡಿದ್ದು."

ಶಹಜಾನಬಿ ಅವನ ಹೆಗಲ ಮೇಲೆ ಕೈ ಇಟ್ಟಳು. ಆ ದಿನ ಮೊದಲ ಸಲ ಅವಳ ದನಿಯಲ್ಲಿ ಪ್ರೀತಿ ಇತ್ತು.

"ಇಲ್ರೀ. ನೀವು ಅಂಥವರಲ್ಲ. ಸಮುದ್ರಕ್ಕೇ ಹೋಗಿದ್ರಿ. ನಾ ನಂಬ್ತೀನಿ."