ನಕ್ಷೆ ಬರೆಯುವವರ ಶನಿವಾರ

ಪಾಠ ಹೇಳುವವರನ್ನೂ ಪ್ರೋಗ್ರಾಂ ಬರೆಯುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಏನಾದರೊಂದು ಆಗಿಯೇ ತೀರುತ್ತದೆ. ನಾಗಪುರದಲ್ಲಿ ನಾಲ್ಕು ವರ್ಷದಿಂದ ನಾನು ಇದನ್ನೇ ನೋಡುತ್ತ ಬಂದಿದ್ದೇನೆ.

ನನ್ನ ಊರು ಗದಗ. ಯಜಮಾನರಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾಯಿತು. ನಾನೂ ಬಂದು ಊರ ಹೊರಗಿನ ಕೈಗಾರಿಕಾ ವಲಯವಾದ ಮಿಹಾನ್‌ನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿಕೊಂಡೆ. ಅಲ್ಲಿ ಒಂದು ತರಬೇತಿಗೆ ಬಂದಿದ್ದ ಇಂಜಿನಿಯರಿಂಗ್ ಕಾಲೇಜಿನ, ಮರಾಠಿ ಮಾತಾಡುವ ಕಂಪ್ಯೂಟರ್ ಪ್ರಾಧ್ಯಾಪಕರೊಬ್ಬರ ಪರಿಚಯವಾಯಿತು. ಅವರ ತಲೆಯಲ್ಲಿ ಒಂದೇ ವಿಚಾರ: ಪ್ರೋಗ್ರಾಮನ್ನು ಸಾಲು ಸಾಲಾಗಿ ಕೂತು ಬರೆಯಬಾರದು, ಮೊದಲು ಕೆಲಸದ ನಕ್ಷೆ ಬರೆಯಬೇಕು, ಅಂದರೆ ಮಾಡೆಲ್, ಆ ಮಾಡೆಲಿನಿಂದ ಕಂಪ್ಯೂಟರೇ ಪ್ರೋಗ್ರಾಂ ತಯಾರಿಸಬೇಕು. ಇದರ ಸಂಶೋಧನೆ ಮಾಡುವವರು ಕಾಲೇಜಿನಲ್ಲಿದ್ದಾರೆ, ಇದರ ಗರಜು ಇರುವವರು ಕಂಪನಿಯಲ್ಲಿದ್ದಾರೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಎಂಬುದು ಅವರ ಕೊರಗು. ಹಾಗಾಗಿ ನಾವಿಬ್ಬರೂ ಸೇರಿ ಒಂದು ಬಳಗ ಕಟ್ಟಿದೆವು. ಶನಿವಾರ ಮಧ್ಯಾಹ್ನ, ಅವರ ಕಾಲೇಜಿನ ಒಂದು ಕೋಣೆಯಲ್ಲಿ.

೧. ಮೊದಲ ಅತಿಥಿ

ಕಾಲೇಜಿನ ಗೇಟಿಗೆ ಒಂದು ಚೀಟಿ ಅಂಟಿಸಿದೆವು: ‘ಮಾಡೆಲ್‌ಗಳಲ್ಲಿ ಆಸಕ್ತಿ ಇರುವವರೆಲ್ಲ ಬನ್ನಿ.’ ಮೊದಲ ಶನಿವಾರ ಬಂದವರು ಆರು ಜನ. ನನ್ನ ಆಫೀಸಿನವರು ಮೂವರು, ಪ್ರಾಧ್ಯಾಪಕರ ವಿದ್ಯಾರ್ಥಿಗಳು ಇಬ್ಬರು. ಆರನೆಯವರು ಐವತ್ತರ ಆಸುಪಾಸಿನ ಗೃಹಸ್ಥರು, ಬಗಲಲ್ಲಿ ದೊಡ್ಡ ಚೀಲ. ಅವರು ಬಿಲ್ಡರುಗಳಿಗೆ ಥರ್ಮಾಕೋಲಿನಲ್ಲಿ ಕಟ್ಟಡದ ಮಾಡೆಲು ಮಾಡಿಕೊಡುವವರು ಎಂದು ತಿಳಿಯುವಷ್ಟರಲ್ಲಿ ಪ್ರಾಧ್ಯಾಪಕರ ಮಾತು ಅರ್ಧ ಮುಗಿದಿತ್ತು. ಪುಣ್ಯಾತ್ಮರು ಎದ್ದು ಹೋಗಲಿಲ್ಲ, ಕೊನೆಯವರೆಗೂ ಕೇಳಿದರು.

ಮುಗಿದ ಮೇಲೆ ಅವರು ನನ್ನನ್ನು ಕೇಳಿದರು, ನಿಮ್ಮ ಕಂಪನಿಯಲ್ಲೂ ಹೀಗೇ ಮೊದಲು ನಕ್ಷೆ ಮಾಡುತ್ತೀರಾ ಎಂದು. ನಾನು ಸುಳ್ಳು ಹೇಳಲಿಲ್ಲ. ಮೊದಲು ಪ್ರೋಗ್ರಾಂ ಬರೆದುಬಿಡುತ್ತೇವೆ, ಗಿರಾಕಿ ಕೇಳಿದರೆ ಆಮೇಲೆ ನಕ್ಷೆ ಬರೆದು ಫೈಲಿನಲ್ಲಿ ಇಡುತ್ತೇವೆ ಅಂದೆ.

ಅವರು ಚೀಲ ಹೆಗಲಿಗೇರಿಸುತ್ತ ಸಮಾಧಾನ ಹೇಳುವ ದನಿಯಲ್ಲಿ ಅಂದರು, “ಇರಲಿ ತಾಯಿ. ಅನುಮತಿ ಇಲ್ಲದೆ ಮೂರನೇ ಮಹಡಿ ಕಟ್ಟಿದವರೂ ನನ್ನ ಹತ್ತಿರ ಹಾಗೇ ಬರುತ್ತಾರೆ.”

೨. ಮಾಡೆಲಿನ ಮೇಲೆ ಮಾಡೆಲು

ಬಳಗ ಇಪ್ಪತ್ತು ಜನಕ್ಕೆ ಬೆಳೆದಾಗ ಪ್ರಾಧ್ಯಾಪಕರು ಧೈರ್ಯ ಮಾಡಿ ಒಂದು ಹೆಜ್ಜೆ ಮೇಲೆ ಹತ್ತಿದರು. ಮಾಡೆಲ್ ಹೇಗಿರಬೇಕು ಎಂದು ಹೇಳುವುದಕ್ಕೆ ಇನ್ನೊಂದು ಮಾಡೆಲ್ ಬೇಕು, ಅದು ಹೇಗಿರಬೇಕು ಎಂದು ಹೇಳುವುದಕ್ಕೆ ಅದರ ಮೇಲೊಂದು. ಬೋರ್ಡಿನ ತುಂಬ ಡಬ್ಬಿಯ ಮೇಲೆ ಡಬ್ಬಿ. ನಮ್ಮ ಆಫೀಸಿನವರ ಮುಖ ನೋಡಿ ನನಗೆ ಭಯವಾಯಿತು, ಮುಂದಿನ ವಾರ ಇವರು ಬರುವುದಿಲ್ಲ ಅಂದುಕೊಂಡೆ.

ಆದರೆ ಅವರಲ್ಲೊಬ್ಬ ತಲೆಯಾಡಿಸುತ್ತಿದ್ದ. ತಿಳಿಯಿತೇ ಎಂದು ಪ್ರಾಧ್ಯಾಪಕರು ಆಸೆಯಿಂದ ಕೇಳಿದರು.

“ತಿಳಿಯಿತು ಸರ್. ನಮ್ಮಲ್ಲೂ ಮ್ಯಾನೇಜರ ಮೇಲೆ ಮ್ಯಾನೇಜರು, ಅವರ ಮೇಲೊಬ್ಬ ಮ್ಯಾನೇಜರು. ಕೆಲಸ ಆಗೋದು ಕೆಳಗಿನ ಡಬ್ಬಿಯಲ್ಲೇ.”

ಪ್ರಾಧ್ಯಾಪಕರು ಆ ಉದಾಹರಣೆಯನ್ನು ಬರೆದುಕೊಂಡರು. ಈಗಲೂ ತರಗತಿಯಲ್ಲಿ ಹೇಳುತ್ತಾರಂತೆ.

೩. ಅತ್ತೆಯವರ ಸತ್ಸಂಗ

ಶನಿವಾರ ಸೊಸೆ ಎಲ್ಲಿಗೆ ಹೋಗುತ್ತಾಳೆ ಎಂದು ಗದಗದಿಂದ ಅತ್ತೆಯವರು ಫೋನಿನಲ್ಲಿ ಕೇಳಿದಾಗ ನಮ್ಮ ಯಜಮಾನರು ಸತ್ಸಂಗಕ್ಕೆ ಅಂದುಬಿಟ್ಟರು. ನಾನು ಸಿಟ್ಟಾದರೆ, “ಇಪ್ಪತ್ತು ಮಂದಿ ಕೂಡ್ತೀರಿ, ಒಬ್ಬರು ಹೇಳ್ತಾರ, ಉಳಿದವರು ಗೋಣು ಹಾಕ್ತೀರಿ, ಕಡೀಗೆ ಪೋಹೆ ತಿಂದು ಬರ್ತೀರಿ. ಸತ್ಸಂಗ ಅಲ್ದ ಮತ್ತೇನು?” ಎಂದರು.

ದೀಪಾವಳಿ ಮುಗಿದ ಮೇಲೆ ಅತ್ತೆಯವರು ನಾಗಪುರಕ್ಕೆ ಬಂದರು. ಬಂದ ಶನಿವಾರವೇ ಇಳಕಲ್ ಸೀರೆ ಉಟ್ಟು, ಎರಡು ಬಾಳೆಹಣ್ಣು ಹಿಡಿದು, ನಾನೂ ಬರತೀನಿ ಎಂದು ಬಾಗಿಲಲ್ಲಿ ನಿಂತಿದ್ದರು. ಬ್ಯಾಡ ಅನ್ನುವುದು ಹೇಗೆ? ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂರಿಸಿದೆ. ಭಾಷೆಯ ತೊಂದರೆ ಇರಲಿಲ್ಲ. ಅವರ ತವರು ನಿಪ್ಪಾಣಿ, ಮರಾಠಿ ನನಗಿಂತ ಚಲೋ ಬರುತ್ತದೆ.

ಆ ದಿನ ಪ್ರಾಧ್ಯಾಪಕರು ಹೇಳಿದ್ದು, ಮಾಡೆಲ್ ಮಾಡುವವನು ಏನನ್ನು ಬಿಡಬೇಕು ಎಂಬುದನ್ನು. ಕಣ್ಣಿಗೆ ಕಾಣುವುದೆಲ್ಲ ಮುಖ್ಯವಲ್ಲ, ಒಂದೊಂದಾಗಿ ಬಿಡುತ್ತ ಹೋಗಿ, ಬಿಡಲಾರದ್ದು ಕೊನೆಗೆ ಉಳಿಯುತ್ತದೆ, ಅದನ್ನೇ ಹಿಡಿಯಿರಿ ಅಂದರು. ನಾನು ತಿರುಗಿ ನೋಡಿದರೆ ಅತ್ತೆಯವರು ಕಣ್ಣು ಮುಚ್ಚಿ ಕೈ ಜೋಡಿಸಿದ್ದಾರೆ. ಮುಗಿದ ಮೇಲೆ ಮುಂದೆ ಹೋಗಿ ಬಾಳೆಹಣ್ಣು ಕೊಟ್ಟರು. ಪ್ರಾಧ್ಯಾಪಕರು ಗಾಬರಿಯಿಂದಲೇ ತೆಗೆದುಕೊಂಡರು.

ಆಟೋದಲ್ಲಿ ಬರುವಾಗ ಹೆಂಗನಸ್ತು ಅತ್ತಿ ಎಂದು ಕೇಳಿದೆ.

“ನಿಮ್ಮ ಗುರುಗಳು ಭಾಳ ದೊಡ್ಡವರದಾರವಾ,” ಅಂದರು. “ಒಂದು ಮಾತೂ ತಿಳೀಲಿಲ್ಲ.”

೪. ಕಳಮನಾದ ನಕ್ಷೆ

ಮೂರನೆಯ ವರ್ಷ ಬಳಗಕ್ಕೇ ಕುತ್ತು ಬಂತು. ನಮ್ಮ ಆಫೀಸಿನ ಸಾಹೇಬರು ನನ್ನನ್ನು ಕರೆದು, ಇದರಿಂದ ಕೆಲಸಕ್ಕೆ ಬರುವಂಥದ್ದು ಒಂದಾದರೂ ತೋರಿಸಿ, ಇಲ್ಲವಾದರೆ ನಿಮ್ಮ ಹುಡುಗರು ಶನಿವಾರವೂ ಆಫೀಸಿಗೆ ಬರಲಿ ಅಂದರು. ಅದೇ ವಾರ ಕಾಲೇಜಿನ ಪ್ರಾಚಾರ್ಯರಿಗೂ ನಾವು ಸೇರುವ ಕೋಣೆ ಬೇರೆ ಯಾವುದಕ್ಕೋ ಬೇಕಾಯಿತು. ಒಂದು ತಿಂಗಳಲ್ಲಿ ಇಬ್ಬರ ಎದುರೂ ಏನಾದರೂ ನಡೆಸಿ ತೋರಿಸುವುದೆಂದು ಒಪ್ಪಿಕೊಂಡು ಬಂದೆವು. ಆ ತಿಂಗಳು ಪ್ರಾಧ್ಯಾಪಕರು ನಗಲೇ ಇಲ್ಲ.

ನಮ್ಮ ಬಳಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳಿಗೆ ಕಳಮನಾ ಮಾರುಕಟ್ಟೆಯ ಕಿತ್ತಳೆ ವ್ಯಾಪಾರಿಯೊಬ್ಬರ ಪರಿಚಯವಿತ್ತು. ನಾಲ್ಕು ದಿನ ಬೆಳಿಗ್ಗೆ ಅವರ ಮಳಿಗೆಯಲ್ಲಿ ಕೂತು ನಡೆಯುವುದನ್ನೆಲ್ಲ ನೋಡಿ ನಕ್ಷೆ ಬರೆದೆವು. ಲಾರಿ ಬರುವುದು, ಇಳಿಸುವುದು, ಆರಿಸುವುದು, ಹರಾಜು, ತೂಕ, ರವಾನೆ. ವ್ಯಾಪಾರಿ ಕನ್ನಡಕ ಹಾಕಿಕೊಂಡು ಬಾಣದ ಗುರುತಿನ ಮೇಲೆ ಬೆರಳಿಟ್ಟು ಓದುತ್ತ ಬಂದವರು ಹರಾಜಿನ ಡಬ್ಬಿಯ ಮುಂದೆ ನಿಂತರು.

“ಚಹಾ ಎಲ್ಲಿ?”

ನಾವು ನಕ್ಕೆವು. ಅವರು ನಗಲಿಲ್ಲ. ಹರಾಜಾದ ಮೇಲೆ ಚಹಾ ಆಗದೆ ಹಮಾಲರು ತಕ್ಕಡಿ ಮುಟ್ಟುವುದಿಲ್ಲ, ಇದು ಅಪ್ಪನ ಕಾಲದಿಂದ ಬಂದದ್ದು ಎಂದು ವಿವರಿಸಿದರು. ಪ್ರಾಧ್ಯಾಪಕರೂ ಅವರ ಕಡೆಗೇ ಸೇರಿದರು. ನಡೆಯುವುದನ್ನು ಬಿಟ್ಟರೆ ಅದು ಮಾಡೆಲ್ಲೇ ಅಲ್ಲ ಅಂದರು. ಸರಿ, ಹರಾಜಿಗೂ ತೂಕಕ್ಕೂ ನಡುವೆ ಚಹಾದ ಡಬ್ಬಿ ಬರೆದೆವು. ಸಾಹೇಬರು ಬರುವ ದಿನ ತೆಗೆದರಾಯಿತು ಎಂದು ನಾನು ಅಂದುಕೊಂಡೆ. ಮೇಡಂ ತೆಗೆದಿರುತ್ತಾರೆ ಎಂದು ವಿದ್ಯಾರ್ಥಿನಿ ಅಂದುಕೊಂಡಳು.

ಆ ದಿನ ಮುಂದಿನ ಸಾಲಿನಲ್ಲಿ ಸಾಹೇಬರು, ಪ್ರಾಚಾರ್ಯರು, ಅವರ ಪಕ್ಕದಲ್ಲಿ ಬಿಳಿ ಟೋಪಿ ಹಾಕಿಕೊಂಡು ವ್ಯಾಪಾರಿ. ನಾನು ಗುಂಡಿ ಒತ್ತಿದೆ. ನಕ್ಷೆಯಿಂದ ಪ್ರೋಗ್ರಾಂ ತಯಾರಾಯಿತು. ಪರದೆಯ ಮೇಲೆ ಲಾರಿ ಬಂತು, ಮಾಲು ಇಳಿಯಿತು, ಹರಾಜೂ ಮುಗಿಯಿತು. ತೂಕದ ಗುಂಡಿ ಮಾತ್ರ ಕೆಲಸ ಮಾಡಲೊಲ್ಲದು. ಮೂರು ಸಲ ಒತ್ತಿದೆ. ಪರದೆಯ ಮೇಲೆ ದಪ್ಪ ಮರಾಠಿ ಅಕ್ಷರಗಳಲ್ಲಿ ಬಂತು: ಚಹಾ ಬಾಕಿ ಇದೆ.

ಯಾಕೆ ನಿಂತಿತು ಎಂದು ಸಾಹೇಬರು ಕೇಳಿದರು. ಪ್ರಾಧ್ಯಾಪಕರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಎದ್ದು ನಿಂತು, ಇನ್ನೂ ಚಹಾ ಬಂದಿಲ್ಲ ಸರ್ ಅಂದರು.

“ಬರೋಬರ್,” ಎಂದರು ವ್ಯಾಪಾರಿ. “ನಮ್ಮಲ್ಲೂ ಹೀಗೇ ನಿಲ್ಲುತ್ತದೆ.”

ಆಮೇಲೆ ಪ್ರಾಚಾರ್ಯರು ಕ್ಯಾಂಟೀನಿಗೆ ಹೇಳಿ ನಿಜವಾಗಿಯೂ ಚಹಾ ತರಿಸಿದರು. ಎಲ್ಲರೂ ಕುಡಿದರು. ವಿದ್ಯಾರ್ಥಿನಿ ಚಹಾದ ಡಬ್ಬಿಗೆ ಗುರುತು ಹಾಕಿದಳು, ತೂಕದ ಗುಂಡಿ ಕೆಲಸ ಮಾಡಿತು, ಕಿತ್ತಳೆ ತೂಗಿ ಲಾರಿ ಏರಿತು.

ಸಾಹೇಬರು ಖಾಲಿ ಕಪ್ಪು ಕೆಳಗಿಟ್ಟು, ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ ಪ್ರೋಗ್ರಾಂ ನನ್ನ ನೌಕರಿಯಲ್ಲಿ ಇದೇ ಮೊದಲು ನೋಡಿದ್ದು, ಶನಿವಾರ ನಿಮ್ಮದೇ ಇರಲಿ ಅಂದರು. ಪ್ರಾಚಾರ್ಯರು ಕೋಣೆಯ ಮಾತು ಮತ್ತೆ ಎತ್ತಲಿಲ್ಲ. ಪ್ರಾಧ್ಯಾಪಕರು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

ಎಲ್ಲರೂ ಏಳುತ್ತಿರುವಾಗ ವ್ಯಾಪಾರಿ ನನ್ನನ್ನು ಬದಿಗೆ ಕರೆದರು. ಎಲ್ಲರ ಮುಂದೆ ಹೇಳಿದರೆ ನಿಮಗೆ ಅವಮಾನ ಎಂದು ಸುಮ್ಮನಿದ್ದೆ ಎಂದು ಪೀಠಿಕೆ ಹಾಕಿ, ದನಿ ತಗ್ಗಿಸಿ ಹೇಳಿದರು:

“ಲೆಕ್ಕ ತಪ್ಪಿದೆ. ನಾವು ಎರಡು ಸಲ ಕುಡಿಯುತ್ತೇವೆ.”